ಹವ್ಯಾಸಿ ಗಾಲ್ಫ್ ಸ್ಪರ್ಧೆಗೆ ಬಹುಮಾನ ನಿಗದಿಪಡಿಸುವುದು ಹೇಗೆ: ಅಮೆಚೂರ್ ಸ್ಥಾನಮಾನಕ್ಕೆ ಧಕ್ಕೆಯಾಗದಂತೆ ಒಂದು ಸಮಗ್ರ ಮಾರ್ಗದರ್ಶಿ

ಗೆಳೆಯರ ಬಳಗವೋ, ಸಹೋದ್ಯೋಗಿಗಳೋ, ಕ್ಲಬ್ಬಿನ ಸದಸ್ಯರೋ ಸೇರಿ ಒಂದು ದಿನದ ಗಾಲ್ಫ್ ಸ್ಪರ್ಧೆ ನಡೆಸಲು ಹೊರಟಾಗ ಟೀ ಸಮಯ (ಪ್ರತಿ ಗುಂಪು ಆಟ ಶುರುಮಾಡುವ ಹೊತ್ತು), ಗುಂಪುಗಳ ಜೋಡಣೆ, ಪ್ರವೇಶ ಶುಲ್ಕ ಇವೆಲ್ಲದರ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಬಹುಮಾನದ ವಿಚಾರ ಮಾತ್ರ ಕೊನೆಗೆ ಉಳಿದುಬಿಡುತ್ತದೆ. ಯಾರೋ ಪ್ರಾಯೋಜಕರು ಉದಾರವಾಗಿ ಏನನ್ನೋ ಕೊಡುತ್ತಾರೆ, ಅದನ್ನು ಹಾಗೆಯೇ ಗೆದ್ದವರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳಲಾಗುತ್ತದೆ. ಆ ವಸ್ತುವಿನ ಬೆಲೆ ನಿಯಮದ ಮಿತಿಯನ್ನು ದಾಟಿದ್ದರೆ ಅದನ್ನು ಸ್ವೀಕರಿಸಿದ ಆಟಗಾರ ಆ ಕ್ಷಣದಿಂದಲೇ ಅಮೆಚೂರ್, ಅಂದರೆ ಹವ್ಯಾಸಿ ಆಟಗಾರ, ಆಗಿ ಉಳಿಯುವುದಿಲ್ಲ. ತಪ್ಪು ನಡೆದದ್ದು ಆಯೋಜಕರ ಮೇಜಿನ ಮೇಲೆ, ಅದರ ಫಲ ಉಣ್ಣುವವನು ಚೆನ್ನಾಗಿ ಆಡಿದವನು. ಆದ್ದರಿಂದ ಬಹುಮಾನದ ಪಟ್ಟಿಯನ್ನು ಮೊದಲ ಚೆಂಡು ಹಾರುವ ಮುನ್ನವೇ, ನಿಯಮವನ್ನು ಪಕ್ಕದಲ್ಲಿಟ್ಟುಕೊಂಡು ಸಿದ್ಧಪಡಿಸುವುದು ಆಯೋಜಕರು ಆಟಗಾರರಿಗೆ ಸಲ್ಲಿಸಬೇಕಾದ ಮೊದಲ ಕರ್ತವ್ಯ ಎಂದು ನಾನು ನಂಬಿದ್ದೇನೆ. ಆ ಪಟ್ಟಿಯನ್ನು ಹಂತಹಂತವಾಗಿ ತಯಾರಿಸುವ ಬಗೆಯನ್ನು ಮುಂದೆ ವಿವರಿಸಿದ್ದೇನೆ.

ಮೊದಲ ಹಂತ: ಅಮೆಚೂರ್ ಸ್ಥಾನಮಾನ ಯಾವುದರಿಂದ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಗಾಲ್ಫ್ ಆಟದ ನಿಯಮಗಳನ್ನು ರೂಪಿಸುವ ಎರಡು ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಒಟ್ಟಾಗಿಯೇ ಅಮೆಚೂರ್ ಸ್ಥಾನಮಾನದ ನಿಯಮಗಳನ್ನೂ ಹೊರಡಿಸುತ್ತವೆ. ಈಗ ಜಾರಿಯಲ್ಲಿರುವ ನಿಯಮಗಳು 2022ರ ಜನವರಿ 1ರಂದು ಬಂದವು. ಅದಕ್ಕೂ ಹಿಂದಿನ ನಿಯಮಾವಳಿ ಬಹಳ ದೊಡ್ಡದಾಗಿತ್ತು, ತೊಡಕಿನದೂ ಆಗಿತ್ತು. ಪ್ರಾಯೋಜಕತ್ವ, ಜಾಹೀರಾತು, ಖರ್ಚುವೆಚ್ಚಗಳ ಬಗ್ಗೆ ಅದರಲ್ಲಿ ಹತ್ತಾರು ನಿರ್ಬಂಧಗಳಿದ್ದವು. 2022ರಲ್ಲಿ ಪ್ರಾಯೋಜಕತ್ವದ ಮೇಲಿನ ನಿರ್ಬಂಧಗಳನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಹಾಗಾಗಿ ಒಬ್ಬ ಅಮೆಚೂರ್ ತನ್ನ ಟೋಪಿಯ ಮೇಲೆ ಕಂಪನಿಯೊಂದರ ಲಾಂಛನ ಧರಿಸಿ ಹಣ ಪಡೆದರೂ ಇಂದು ತೊಂದರೆಯಿಲ್ಲ. ಹಳೆಯ ನಿಯಮಗಳನ್ನು ಕಂಠಪಾಠ ಮಾಡಿಕೊಂಡ ಹಿರಿಯ ಸದಸ್ಯರು ಇದನ್ನು ಒಪ್ಪಲು ಹಿಂಜರಿಯುವುದುಂಟು. ಅಂಥವರಿಗೆ ಹೊಸ ನಿಯಮಾವಳಿಯ ಪ್ರತಿಯನ್ನೇ ತೋರಿಸುವುದು ಒಳ್ಳೆಯದು.

ಈಗ ಉಳಿದಿರುವ ಕಾರಣಗಳು ಬೆರಳೆಣಿಕೆಯಷ್ಟು. ಮಿತಿಗಿಂತ ಹೆಚ್ಚಿನ ಬೆಲೆಯ ಬಹುಮಾನ ಸ್ವೀಕರಿಸುವುದು ಒಂದು, ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕಂತೆ ಸ್ಕೋರಿನಲ್ಲಿ ಸಿಗುವ ಹೊಡೆತಗಳ ರಿಯಾಯಿತಿ) ಸ್ಪರ್ಧೆಯಲ್ಲಿ ನಗದು ಬಹುಮಾನ ಸ್ವೀಕರಿಸುವುದು ಇನ್ನೊಂದು. ಹಣ ಪಡೆದು ಗಾಲ್ಫ್ ಕಲಿಸುವುದು, ಕ್ಲಬ್ ವೃತ್ತಿಪರನಾಗಿ ಕೆಲಸಕ್ಕೆ ಸೇರುವುದು ಮತ್ತು ವೃತ್ತಿಪರರ ಸಂಘದ ಸದಸ್ಯತ್ವ ಪಡೆಯುವುದು ಉಳಿದವು. ಕಲಿಸುವ ವಿಚಾರಕ್ಕೆ ಕೆಲವು ವಿನಾಯಿತಿಗಳಿವೆ. ಉದಾಹರಣೆಗೆ, ಶಾಲಾ ಕಾಲೇಜಿನ ಉದ್ಯೋಗಿಯೊಬ್ಬರು ತಮ್ಮ ಕೆಲಸದ ಅರ್ಧಕ್ಕಿಂತ ಕಡಿಮೆ ಸಮಯವನ್ನು ಗಾಲ್ಫ್ ಕಲಿಸಲು ಬಳಸಿದರೆ ಅವರು ಅಮೆಚೂರ್ ಆಗಿಯೇ ಉಳಿಯುತ್ತಾರೆ. ಒಂದು ದಿನದ ಸ್ಪರ್ಧೆಯ ಆಯೋಜಕರಿಗೆ ನೇರವಾಗಿ ತಟ್ಟುವುದು ಮೊದಲ ಎರಡು ಕಾರಣಗಳೇ, ಆದ್ದರಿಂದ ಇಲ್ಲಿನ ಮಾತೆಲ್ಲ ಅವುಗಳ ಸುತ್ತಲೇ ಇರುತ್ತದೆ.

ಎರಡನೆಯ ಹಂತ: ಸ್ಪರ್ಧೆ ಸ್ಕ್ರ್ಯಾಚ್ ಮಾದರಿಯದೋ ಹ್ಯಾಂಡಿಕ್ಯಾಪ್ ಮಾದರಿಯದೋ ನಿರ್ಧರಿಸಿ

ಬಹುಮಾನದ ಬಗ್ಗೆ ಯೋಚಿಸುವ ಮೊದಲೇ ಈ ಪ್ರಶ್ನೆಗೆ ಉತ್ತರ ಸಿಗಬೇಕು, ಏಕೆಂದರೆ ನಗದು ಕೊಡಬಹುದೇ ಕೊಡಬಾರದೇ ಎಂಬುದು ಇದನ್ನೇ ಅವಲಂಬಿಸಿದೆ. ಹೊಡೆದ ಹೊಡೆತಗಳ ಎಣಿಕೆಯೇ ಅಂತಿಮವಾಗಿರುವ, ಹ್ಯಾಂಡಿಕ್ಯಾಪಿನ ರಿಯಾಯಿತಿ ಎಲ್ಲಿಯೂ ಬಳಕೆಯಾಗದ ಸ್ಪರ್ಧೆ ಸ್ಕ್ರ್ಯಾಚ್ ಸ್ಪರ್ಧೆ. ಅಂಥ ಸ್ಪರ್ಧೆಯಲ್ಲಿ ಅಮೆಚೂರ್ ಆಟಗಾರ ನಿಗದಿತ ಮಿತಿಯೊಳಗೆ ನಗದನ್ನೂ ಸ್ವೀಕರಿಸಬಹುದು. ನೆಟ್ ಸ್ಕೋರ್ (ಹೊಡೆತಗಳಿಂದ ಹ್ಯಾಂಡಿಕ್ಯಾಪ್ ಕಳೆದ ಮೊತ್ತ), ಹ್ಯಾಂಡಿಕ್ಯಾಪ್ ಆಧಾರಿತ ಸ್ಟೇಬಲ್‌ಫೋರ್ಡ್ (ಪ್ರತಿ ಹೋಲಿನ ಫಲಕ್ಕೆ ಅಂಕ ಕೊಡುವ ಮಾದರಿ) ಅಂಕಗಳು, ತಂಡದ ಹ್ಯಾಂಡಿಕ್ಯಾಪ್ ಕಳೆದು ಲೆಕ್ಕ ಹಾಕುವ ಸ್ಕ್ರ್ಯಾಂಬಲ್ (ತಂಡದವರೆಲ್ಲ ಹೊಡೆದು, ಅತ್ಯುತ್ತಮ ಚೆಂಡು ನಿಂತ ಜಾಗದಿಂದ ಮುಂದುವರಿಯುವ ಮಾದರಿ) ಇವೆಲ್ಲ ಹ್ಯಾಂಡಿಕ್ಯಾಪ್ ಸ್ಪರ್ಧೆಗಳು. ಇವುಗಳಲ್ಲಿ ವಸ್ತು ರೂಪದ ಬಹುಮಾನಕ್ಕೆ ಅಡ್ಡಿಯಿಲ್ಲ, ನಗದಿಗೆ ಅವಕಾಶವಿಲ್ಲ. ಮೊತ್ತ ಎಷ್ಟೇ ಚಿಕ್ಕದಿದ್ದರೂ ಅವಕಾಶವಿಲ್ಲ. ಇಪ್ಪತ್ತು ಡಾಲರಿನ ಒಂದೇ ನೋಟನ್ನು ಲಕೋಟೆಯಲ್ಲಿಟ್ಟು ನೆಟ್ ವಿಭಾಗದ ವಿಜೇತನಿಗೆ ಕೊಟ್ಟರೂ ಅದು ಹ್ಯಾಂಡಿಕ್ಯಾಪ್ ಸ್ಪರ್ಧೆಯ ನಗದು ಬಹುಮಾನವೇ ಆಗುತ್ತದೆ.

ಈ ವ್ಯತ್ಯಾಸ ಏಕೆ ಎಂದು ಹಲವರು ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ಸಮಾಧಾನದಿಂದ ಉತ್ತರಿಸುವುದು ಅಗತ್ಯ. ಹ್ಯಾಂಡಿಕ್ಯಾಪ್ ವ್ಯವಸ್ಥೆ ನಿಂತಿರುವುದು ಆಟಗಾರ ತಾನೇ ಸಲ್ಲಿಸುವ ಸ್ಕೋರುಗಳ ಮೇಲೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ರ ಸರಾಸರಿಯಿಂದ ಆಟಗಾರನ ಸೂಚ್ಯಂಕ ಹೊರಬರುತ್ತದೆ. ಒಳ್ಳೆಯ ಸುತ್ತುಗಳನ್ನು ಸಲ್ಲಿಸದೆ ಬಚ್ಚಿಟ್ಟು, ಕೆಟ್ಟ ಸುತ್ತುಗಳನ್ನು ಮಾತ್ರ ಸಲ್ಲಿಸುವವನಿಗೆ ಇರಬೇಕಾದ್ದಕ್ಕಿಂತ ದೊಡ್ಡ ಹ್ಯಾಂಡಿಕ್ಯಾಪ್ ದೊರೆಯುತ್ತದೆ, ಸ್ಪರ್ಧೆಯ ದಿನ ಆತ ಸಹಜವಾಗಿ ಆಡಿದರೂ ನೆಟ್ ಸ್ಕೋರಿನಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಾನೆ. ಹಣದ ಆಮಿಷ ದೊಡ್ಡದಾದಷ್ಟೂ ಈ ಅಡ್ಡದಾರಿಯ ಸೆಳೆತವೂ ದೊಡ್ಡದಾಗುತ್ತದೆ. ಗಾಲ್ಫಿನಲ್ಲಿ ಪ್ರತಿ ಗುಂಪಿನ ಹಿಂದೆ ಒಬ್ಬ ರೆಫರಿ ನಡೆಯುವುದಿಲ್ಲ. ಆಟಗಾರ ತನ್ನ ಮೇಲೆ ತಾನೇ ದಂಡ ವಿಧಿಸಿಕೊಳ್ಳುತ್ತಾನೆ, ತನ್ನ ಸ್ಕೋರಿಗೆ ತಾನೇ ಸಹಿ ಹಾಕುತ್ತಾನೆ. ಆ ನಂಬಿಕೆಯನ್ನು ಹಣದಿಂದ ದೂರ ಇಡುವ ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ, ಹೊಸಬರಿಗೆ ವಿವರಿಸುವಾಗ ಬರೀ ನಿಷೇಧವೆಂದು ಹೇಳದೆ ಈ ಕಾರಣವನ್ನೂ ಸೇರಿಸಿ ಹೇಳಬೇಕೆಂದು ಆಯೋಜಕರನ್ನು ಕೋರುತ್ತೇನೆ.

ಒಂದೇ ದಿನ ಗ್ರಾಸ್ (ಹ್ಯಾಂಡಿಕ್ಯಾಪ್ ಕಳೆಯದ ಸ್ಕೋರ್) ಮತ್ತು ನೆಟ್ ಎರಡೂ ವಿಭಾಗಗಳಿಗೆ ಬಹುಮಾನವಿರುವ ಸ್ಪರ್ಧೆಗಳೇ ಹೆಚ್ಚು. ಅಂಥಲ್ಲಿ ಗ್ರಾಸ್ ವಿಜೇತನಿಗೆ ನಗದು ಕೊಡೋಣ, ನೆಟ್ ವಿಜೇತನಿಗೆ ವಸ್ತು ಕೊಡೋಣ ಎಂಬ ಸಲಹೆ ಬಂದೇ ಬರುತ್ತದೆ. ಅದನ್ನು ಒಪ್ಪಬೇಡಿ. ಸ್ಪರ್ಧೆಯಲ್ಲಿ ಹ್ಯಾಂಡಿಕ್ಯಾಪಿನ ಅಂಶ ಎಲ್ಲಿಯಾದರೂ ಇದ್ದರೆ ಇಡೀ ಸ್ಪರ್ಧೆಯಿಂದಲೇ ನಗದನ್ನು ಹೊರಗಿಡುವುದು ಸುರಕ್ಷಿತ ದಾರಿ.

ಮೂರನೆಯ ಹಂತ: ಮಿತಿಯನ್ನು ಬರೆದಿಟ್ಟುಕೊಂಡು ಪ್ರತಿಯೊಂದು ಬಹುಮಾನಕ್ಕೂ ಬೆಲೆ ಹಾಕಿ

ಒಬ್ಬ ಆಟಗಾರ ಒಂದು ಸ್ಪರ್ಧೆಯಲ್ಲಿ ಸ್ವೀಕರಿಸಬಹುದಾದ ಬಹುಮಾನದ ಮಿತಿ 700 ಪೌಂಡ್ ಅಥವಾ 1,000 ಅಮೆರಿಕನ್ ಡಾಲರ್. 2022ಕ್ಕೂ ಮೊದಲು ಇದು 500 ಪೌಂಡ್ ಅಥವಾ 750 ಡಾಲರ್ ಆಗಿತ್ತು. ಹಳೆಯ ಅಂಕಿಯೇ ಎಷ್ಟೋ ಕ್ಲಬ್ಬುಗಳ ಸೂಚನಾ ಫಲಕದಲ್ಲಿ ಇನ್ನೂ ಉಳಿದಿರಬಹುದು, ನೋಡಿ ಬದಲಿಸಿ. ಬೇರೆ ಕರೆನ್ಸಿಯಲ್ಲಿ ಇದಕ್ಕೆ ಸಮನಾದ ಮೊತ್ತ ಎಷ್ಟು ಎಂಬುದನ್ನು ಆಯಾ ದೇಶದ ಗಾಲ್ಫ್ ಆಡಳಿತ ಸಂಸ್ಥೆಯಿಂದ ಕೇಳಿ ತಿಳಿಯಿರಿ, ವಿನಿಮಯ ದರ ನೋಡಿ ನೀವೇ ಅಂದಾಜು ಕಟ್ಟಬೇಡಿ.

ಬೆಲೆ ಎಂದರೆ ಚಿಲ್ಲರೆ ಮಾರಾಟದ ಬೆಲೆ: ಬಹುಮಾನ ಕೊಡುವ ಸಮಯದಲ್ಲಿ ಆ ವಸ್ತು ಅಂಗಡಿಯಲ್ಲಿ ಸಾಮಾನ್ಯವಾಗಿ ಎಷ್ಟಕ್ಕೆ ಸಿಗುತ್ತದೆಯೋ ಅಷ್ಟು. ಪ್ರಾಯೋಜಕರು ಉಚಿತವಾಗಿ ಕೊಟ್ಟರು, ಆದ್ದರಿಂದ ಬೆಲೆ ಸೊನ್ನೆ ಎಂಬ ವಾದ ನಿಲ್ಲುವುದಿಲ್ಲ. ಆಯೋಜಕರಿಗೆ ಸಗಟು ದರದಲ್ಲಿ ಸಿಕ್ಕಿತು ಎಂಬುದೂ ಲೆಕ್ಕಕ್ಕೆ ಬಾರದು. ರಜಾ ಪ್ರವಾಸದ ಪ್ಯಾಕೇಜ್, ವಾಚು, ದೂರಮಾಪಕ ಉಪಕರಣ, ಆಡುವ ಕೋಲುಗಳ ಪೂರ್ಣ ಸೆಟ್ಟು ಇಂಥ ವಸ್ತುಗಳಲ್ಲಿ ಬೆಲೆ ಸುಲಭವಾಗಿ ಮಿತಿ ದಾಟುತ್ತದೆ. ಹೀಗಾಗಿ ಪ್ರತಿ ವಸ್ತುವಿನ ಮುಂದೆ ಬೆಲೆ ಬರೆದು, ಆ ಬೆಲೆ ಎಲ್ಲಿ ಕಂಡಿತು ಎಂಬುದಕ್ಕೆ ಒಂದು ಪುರಾವೆ, ಅಂದರೆ ಅಂಗಡಿಯ ಪಟ್ಟಿಯ ಪ್ರತಿಯನ್ನೋ ರಸೀದಿಯನ್ನೋ ಇಟ್ಟುಕೊಳ್ಳಿ.

ಮಿತಿ ಅನ್ವಯಿಸುವುದು ಒಂದು ಸ್ಪರ್ಧೆಯಲ್ಲಿ ಒಬ್ಬ ಆಟಗಾರನಿಗೆ ಸಿಗುವ ಎಲ್ಲ ಬಹುಮಾನಗಳ ಒಟ್ಟು ಮೊತ್ತಕ್ಕೆ. ಹೆಚ್ಚಿನ ಆಯೋಜಕರು ಎಡವುವುದು ಇಲ್ಲಿಯೇ. ಒಂದು ಲೆಕ್ಕ ನೋಡಿ. ಗ್ರಾಸ್ ವಿಭಾಗದ ಮೊದಲ ಬಹುಮಾನ 600 ಡಾಲರ್ ಬೆಲೆಯ ಡ್ರೈವರ್ (ದೂರಕ್ಕೆ ಹೊಡೆಯುವ ಕೋಲು) ಮತ್ತು ಬ್ಯಾಗು. 7ನೇ ಹೋಲಿನಲ್ಲಿ ಚೆಂಡನ್ನು ಪಿನ್ನಿಗೆ (ಹೋಲಿನಲ್ಲಿ ನೆಟ್ಟ ಧ್ವಜದ ಕಂಬಕ್ಕೆ) ಅತಿ ಹತ್ತಿರ ನಿಲ್ಲಿಸಿದವನಿಗೆ 250 ಡಾಲರ್ ಬೆಲೆಯ ದೂರಮಾಪಕ. 14ನೇ ಹೋಲಿನಲ್ಲಿ ಅತಿ ದೂರದ ಡ್ರೈವ್ ಹೊಡೆದವನಿಗೆ 200 ಡಾಲರ್ ಬೆಲೆಯ ಶೂ. ಬಿಡಿಬಿಡಿಯಾಗಿ ನೋಡಿದರೆ ಮೂರೂ ಮಿತಿಯೊಳಗಿವೆ. ಆದರೆ ಒಳ್ಳೆಯ ಫಾರ್ಮಿನಲ್ಲಿರುವ ಒಬ್ಬನೇ ಆಟಗಾರ ಆ ದಿನ ಮೂರನ್ನೂ ಗೆದ್ದರೆ ಒಟ್ಟು 1,050 ಡಾಲರ್ ಆಗುತ್ತದೆ, ಮಿತಿ 50 ಡಾಲರಿನಷ್ಟು ಮೀರಿಹೋಗುತ್ತದೆ. ಇದನ್ನು ತಪ್ಪಿಸಲು ಎರಡು ದಾರಿಗಳಿವೆ. ಒಬ್ಬನೇ ಎಲ್ಲವನ್ನೂ ಗೆದ್ದರೂ ಒಟ್ಟು ಮೊತ್ತ ಮಿತಿಯೊಳಗೇ ಉಳಿಯುವಂತೆ ಪಟ್ಟಿಯನ್ನು ಹೊಂದಿಸಬಹುದು. ಇಲ್ಲವೇ, ಒಬ್ಬ ಆಟಗಾರ ಒಂದೇ ಬಹುಮಾನಕ್ಕೆ ಅರ್ಹ, ಉಳಿದದ್ದು ನಂತರದ ಸ್ಥಾನದವರಿಗೆ ಹೋಗುತ್ತದೆ ಎಂದು ಸ್ಪರ್ಧೆಯ ಷರತ್ತಿನಲ್ಲೇ ಬರೆಯಬಹುದು. ನನಗೆ ಎರಡನೆಯದೇ ಹೆಚ್ಚು ಇಷ್ಟ. ಬಹುಮಾನ ಹೆಚ್ಚು ಜನರಿಗೆ ಹಂಚಿಹೋಗುತ್ತದೆ, ವಿತರಣೆಯ ಹೊತ್ತಿಗೆ ಸಭೆಯೂ ಖಾಲಿಯಾಗುವುದಿಲ್ಲ.

ತಂಡದ ಸ್ಪರ್ಧೆಯಲ್ಲಿ ಮಿತಿಯನ್ನು ತಂಡದ ಪ್ರತಿ ಸದಸ್ಯನಿಗೂ ಪ್ರತ್ಯೇಕವಾಗಿ ನೋಡಬೇಕು. ನಾಲ್ವರ ಸ್ಕ್ರ್ಯಾಂಬಲ್ ತಂಡ ಗೆದ್ದರೆ ನಾಲ್ವರಿಗೂ ತಲಾ ಮಿತಿಯೊಳಗಿನ ವಸ್ತು ಕೊಡಬಹುದು.

ವೋಚರುಗಳ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸರಕು ಅಥವಾ ಸೇವೆಗೆ ಮಾತ್ರ ಬದಲಾಯಿಸಿಕೊಳ್ಳಬಹುದಾದ ವೋಚರ್ ಹ್ಯಾಂಡಿಕ್ಯಾಪ್ ಸ್ಪರ್ಧೆಗೆ ಹೊಂದುತ್ತದೆ, ಅದರ ಮುಖಬೆಲೆಯೇ ಬಹುಮಾನದ ಬೆಲೆ. ನಗದಾಗಿ ಪರಿವರ್ತಿಸಿಕೊಳ್ಳಬಹುದಾದ ಕಾರ್ಡು, ಚೆಕ್, ಬ್ಯಾಂಕ್ ಖಾತೆಗೆ ನೇರ ವರ್ಗಾವಣೆ ಇವನ್ನು ನಗದೆಂದೇ ಭಾವಿಸಿ ದೂರವಿಡಿ.

ನಾಲ್ಕನೆಯ ಹಂತ: ಹೋಲ್-ಇನ್-ಒನ್ ಮತ್ತು ಕೌಶಲ ಸ್ಪರ್ಧೆಗಳನ್ನು ಬೇರೆ ಬೇರೆಯಾಗಿ ನೋಡಿ

ಮಿತಿ ಅನ್ವಯಿಸುವುದು ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗದಿಂದ) ಹೋಲಿನವರೆಗೆ ಆಡಿ ಸ್ಕೋರ್ ಬರೆಯುವ ಸ್ಪರ್ಧೆಗೆ ಮತ್ತು ಆ ಸ್ಪರ್ಧೆ ನಡೆಯುತ್ತಿರುವಾಗಲೇ ಅದರೊಳಗೆ ನಡೆಯುವ, ಪಿನ್ನಿಗೆ ಅತಿ ಹತ್ತಿರ ಅಥವಾ ಅತಿ ದೂರದ ಡ್ರೈವ್‌ನಂಥ ಕೌಶಲ ಸ್ಪರ್ಧೆಗಳಿಗೆ. ಸಿಮ್ಯುಲೇಟರಿನಲ್ಲಿ ಪೂರ್ಣ ಸುತ್ತು ಆಡಿಸಿದರೂ ಇದೇ ನಿಯಮ. ಕೌಶಲ ಸ್ಪರ್ಧೆಯೊಂದು ತಾನೇ ಸ್ವತಂತ್ರವಾಗಿ, ಯಾವ ಸುತ್ತಿನ ಭಾಗವೂ ಆಗದೆ ನಡೆದರೆ ಅದಕ್ಕೆ ಮಿತಿಯಿಲ್ಲ. ಡ್ರೈವಿಂಗ್ ರೇಂಜಿನಲ್ಲಿ ನಡೆಸುವ ದೂರದ ಡ್ರೈವ್ ಸ್ಪರ್ಧೆ, ಸುತ್ತು ಮುಗಿದ ಮೇಲೆ ಅಭ್ಯಾಸದ ಗ್ರೀನಿನಲ್ಲಿ ಪ್ರತ್ಯೇಕವಾಗಿ ನಡೆಸುವ ಪಟಿಂಗ್ ಸ್ಪರ್ಧೆ ಈ ಗುಂಪಿಗೆ ಸೇರುತ್ತವೆ.

ಹೋಲ್-ಇನ್-ಒನ್, ಅಂದರೆ ಟೀಯಿಂದ ಹೊಡೆದ ಮೊದಲ ಹೊಡೆತದಲ್ಲೇ ಚೆಂಡು ಹೋಲಿಗೆ ಬೀಳುವುದು, ವಿಶೇಷ ಪ್ರಕರಣ. ಸುತ್ತು ಆಡುವಾಗಲೇ ಹೋಲ್-ಇನ್-ಒನ್ ಆದರೂ ಅದರ ಬಹುಮಾನಕ್ಕೆ ಮಿತಿಯಿಲ್ಲ, ಆದರೆ ಆ ಹೋಲಿನ ಉದ್ದ ಕನಿಷ್ಠ 50 ಗಜ ಇರಬೇಕು. ಕಾರು ಕೊಟ್ಟರೂ ಆಟಗಾರ ಅದನ್ನು ಸ್ವೀಕರಿಸಿ ಅಮೆಚೂರ್ ಆಗಿಯೇ ಉಳಿಯಬಹುದು.

ಈಗ ಅದೇ ಕಾರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಾರ್-3 (ಮೂರು ಹೊಡೆತಗಳಲ್ಲಿ ಮುಗಿಸಬೇಕಾದ) ಹೋಲಿನ ಟೀ ಪಕ್ಕದಲ್ಲಿ ಹೊಳೆಯುವ ಕಾರನ್ನು ನಿಲ್ಲಿಸಿ, ಹೋಲ್-ಇನ್-ಒನ್ ಮಾಡಿದವರಿಗೆ ಇದು ಎಂದು ಫಲಕ ಹಾಕಲಾಗಿದೆ ಎಂದುಕೊಳ್ಳಿ. ದಿನವಿಡೀ ಯಾರಿಂದಲೂ ಅದು ಆಗಲಿಲ್ಲ. ಸಂಜೆ ಪ್ರಾಯೋಜಕರು ಉತ್ಸಾಹದಿಂದ, ಹೇಗೂ ತಂದಿದ್ದೇವೆ, ಪಿನ್ನಿಗೆ ಅತಿ ಹತ್ತಿರ ಬಂದವರಿಗಾದರೂ ಕೊಟ್ಟುಬಿಡೋಣ ಎನ್ನುತ್ತಾರೆ. ಹೋಲ್ ಅದೇ, ಕಾರೂ ಅದೇ, ನಿಯಮ ಮಾತ್ರ ಪೂರ್ತಿ ಬೇರೆಯಾಯಿತು. ಚೆಂಡು ಹೋಲಿನೊಳಗೆ ಬಿದ್ದಿದ್ದರೆ ಮಿತಿಯಿರಲಿಲ್ಲ. ಹೋಲಿನಿಂದ ಒಂದೇ ಗೇಣು ದೂರ ನಿಂತಿದ್ದರೂ ಅದು ಸುತ್ತಿನೊಳಗಿನ ಕೌಶಲ ಸ್ಪರ್ಧೆಯಾಗುತ್ತದೆ, 1,000 ಡಾಲರಿನ ಮಿತಿ ಮರಳಿ ಬರುತ್ತದೆ. ಆ ಕೀಲಿಗೊಂಚಲನ್ನು ಸ್ವೀಕರಿಸಿದವನ ಅಮೆಚೂರ್ ಸ್ಥಾನಮಾನ ಅಲ್ಲಿಗೆ ಮುಗಿಯಿತು. ಒಳ್ಳೆಯ ಮನಸ್ಸಿನಿಂದ ಬರುವ ಇಂಥ ಕೊನೆಗಳಿಗೆಯ ಬದಲಾವಣೆಗಳನ್ನು ದೃಢವಾಗಿ, ಆದರೆ ಮರ್ಯಾದೆಯಿಂದ ನಿರಾಕರಿಸಬೇಕಾದವರು ಆಯೋಜಕರೇ.

ಹೋಲ್-ಇನ್-ಒನ್ ಬಹುಮಾನಕ್ಕೆ ವಿಮೆ ಮಾಡಿಸುವುದಾದರೆ ವಿಮಾ ಒಪ್ಪಂದದ ಷರತ್ತುಗಳನ್ನು ಒಂದೊಂದಾಗಿ ಓದಿ. ಯಾವ ಹೋಲ್, ಎಷ್ಟು ಗಜ ಉದ್ದ, ಸಾಕ್ಷಿಗಳು ಯಾರಿರಬೇಕು, ವೃತ್ತಿಪರರು ಅರ್ಹರೇ ಎಂಬುದು ಅದರಲ್ಲಿರುತ್ತದೆ. ಬೆಳಿಗ್ಗೆ ಟೀ ಗುರುತುಗಳನ್ನು ಮೈದಾನದ ಸಿಬ್ಬಂದಿ ಸ್ವಲ್ಪ ಮುಂದೆ ಇಟ್ಟಿದ್ದರಿಂದ ಒಪ್ಪಂದದ ಉದ್ದಕ್ಕಿಂತ ಹೋಲ್ ಗಿಡ್ಡವಾದರೆ ವಿಮೆ ಕೈಕೊಡಬಹುದು, ಆದ್ದರಿಂದ ಮೊದಲ ಗುಂಪು ಹೊರಡುವ ಮುನ್ನ ಉದ್ದವನ್ನು ಅಳೆದು ಬರೆದಿಡಿ.

ಐದನೆಯ ಹಂತ: ಬಾಜಿ, ಪೂಲ್, ಲಕ್ಕಿ ಡ್ರಾ

ಗೆಳೆಯರು ತಮ್ಮತಮ್ಮಲ್ಲಿ ಹೋಲಿಗೆ ಇಷ್ಟು ಎಂದು ಬಾಜಿ ಕಟ್ಟಿ ಆಡುವುದನ್ನು ನಿಯಮ ತಡೆಯುವುದಿಲ್ಲ. ಆಡುವವರು ಪರಸ್ಪರ ಪರಿಚಿತರಾಗಿರಬೇಕು, ಬಾಜಿಯಲ್ಲಿ ಸೇರುವುದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು, ಹಣ ಆಡುವವರ ಕೈಯಿಂದಲೇ ಬಂದಿರಬೇಕು, ಮೊತ್ತ ಅತಿಯಾಗಿರಬಾರದು, ಆಟದ ಆನಂದವೇ ಮುಖ್ಯವಾಗಿರಬೇಕು ಎಂಬುದು ನಿಯಮ ಸಂಸ್ಥೆಗಳ ನಿಲುವು. ಸ್ಥಳೀಯ ಕಾನೂನು ಬಾಜಿಯ ಬಗ್ಗೆ ಏನು ಹೇಳುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಗಾಲ್ಫ್ ನಿಯಮ ಒಪ್ಪಿದ್ದನ್ನು ಕಾನೂನೂ ಒಪ್ಪಿದೆ ಎಂದು ತಿಳಿಯಬೇಡಿ.

ಆಯೋಜಕರ ಕಡೆಯಿಂದ ಬರುವ ಅಪಾಯವೆಂದರೆ ಪ್ರವೇಶ ಶುಲ್ಕದಲ್ಲೇ ಪೂಲಿನ (ಆಟಗಾರರು ಹಣ ಹಾಕಿ, ಗೆದ್ದವರು ಹಂಚಿಕೊಳ್ಳುವ ನಿಧಿಯ) ಹಣವನ್ನು ಸೇರಿಸಿ ಎಲ್ಲರಿಂದಲೂ ಕಡ್ಡಾಯವಾಗಿ ವಸೂಲಿ ಮಾಡಿ, ಗೆದ್ದವರಿಗೆ ನಗದು ಹಂಚುವುದು. ಸೇರುವ ಇಷ್ಟ ಆಟಗಾರನದಾಗಿ ಉಳಿಯದಿದ್ದರೆ ಅದು ಬಾಜಿಯ ಗೆರೆ ದಾಟಿ ಸ್ಪರ್ಧೆಯ ನಗದು ಬಹುಮಾನವೇ ಆಗಿಬಿಡುತ್ತದೆ. ಪೂಲ್ ಬೇಕೇಬೇಕೆಂದಿದ್ದರೆ ಪ್ರವೇಶ ಶುಲ್ಕದಿಂದ ಅದನ್ನು ಬೇರ್ಪಡಿಸಿ, ಪ್ರತ್ಯೇಕ ಹಾಳೆಯಲ್ಲಿ ಹೆಸರು ಬರೆಸಿಕೊಂಡು, ಸೇರದವರಿಗೂ ಮುಖ್ಯ ಸ್ಪರ್ಧೆಯಲ್ಲಿ ಪೂರ್ಣ ಅವಕಾಶವಿದೆ ಎಂದು ಸ್ಪಷ್ಟಪಡಿಸಿ. ಆಟಗಾರರನ್ನೋ ತಂಡಗಳನ್ನೋ ಹರಾಜು ಹಾಕಿ ದೊಡ್ಡ ಮೊತ್ತ ಕೂಡಿಸುವ ಪದ್ಧತಿಯಿಂದ ಹವ್ಯಾಸಿ ಸ್ಪರ್ಧೆಗಳು ದೂರವೇ ಇರಬೇಕು.

ಲಕ್ಕಿ ಡ್ರಾ ಸರಳ. ಭಾಗವಹಿಸಿದ ಎಲ್ಲರ ಹೆಸರನ್ನೂ ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತಿದರೆ ಅಲ್ಲಿ ಗೆಲುವು ಆಟದ ಫಲವಲ್ಲವಾದ್ದರಿಂದ ಬಹುಮಾನದ ಮಿತಿ ಅದಕ್ಕೆ ತಗಲುವುದಿಲ್ಲ. ಪ್ರಾಯೋಜಕರು ದುಬಾರಿ ವಸ್ತು ಕೊಡಲೇಬೇಕೆಂದು ಹಟ ಹಿಡಿದರೆ ಅದನ್ನು ಇಲ್ಲಿಗೆ ತಿರುಗಿಸುವುದು ಜಾಣತನ. ಆದರೆ ಮೊದಲ ಮೂರು ಸ್ಥಾನ ಪಡೆದವರ ಹೆಸರನ್ನಷ್ಟೇ ಡಬ್ಬಿಗೆ ಹಾಕಿ ಅದನ್ನು ಡ್ರಾ ಎಂದು ಕರೆಯುವುದು ನಿಯಮದ ಕಣ್ಣಿಗೆ ಮಣ್ಣೆರಚುವ ಪ್ರಯತ್ನ, ಅದಕ್ಕೆ ಕೈಹಾಕಬೇಡಿ.

ಆರನೆಯ ಹಂತ: ವೃತ್ತಿಪರರೂ ಆಡುತ್ತಿದ್ದರೆ

ವೃತ್ತಿಪರರಿಗೆ ನಗದು ಬಹುಮಾನದ ಮಿತಿಯಿಲ್ಲ. ಅವರೊಂದಿಗೆ ಒಂದೇ ಸ್ಪರ್ಧೆಯಲ್ಲಿ ಆಡಿದ ಮಾತ್ರಕ್ಕೆ ಅಮೆಚೂರ್ ಸ್ಥಾನಮಾನ ಹೋಗುವುದೂ ಇಲ್ಲ. ಅಮೆಚೂರ್ ಆಟಗಾರನೇ ಎಲ್ಲರಿಗಿಂತ ಮುಂದೆ ಬಂದರೆ ವೃತ್ತಿಪರರಿಗೆಂದು ಮೀಸಲಿಟ್ಟ ಹಣ ನಂತರದ ಸ್ಥಾನದ ವೃತ್ತಿಪರನಿಗೆ ಹೋಗುತ್ತದೆ. ಇದು ಅತ್ಯುನ್ನತ ಮಟ್ಟದಲ್ಲೂ ನಡೆದಿದೆ. 2009ರ ಐರಿಷ್ ಓಪನ್ ಗೆದ್ದಾಗ ಶೇನ್ ಲೌರಿ ಅಮೆಚೂರ್ ಆಗಿದ್ದರು, ಪ್ಲೇಆಫ್‌ನಲ್ಲಿ ಸೋತ ರಾಬರ್ಟ್ ರಾಕ್ ಅವರಿಗೆ ಮೊದಲ ಬಹುಮಾನದ ಹಣ ಸಂದಾಯವಾಯಿತು. 2024ರ ಜನವರಿಯಲ್ಲಿ ನಿಕ್ ಡನ್‌ಲಪ್ ಅಮೆಚೂರ್ ಆಗಿಯೇ ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರಿನ ಅಮೆರಿಕನ್ ಎಕ್ಸ್‌ಪ್ರೆಸ್ ಪಂದ್ಯಾವಳಿ ಗೆದ್ದರು. ವಿಜೇತನ ಪಾಲಿನ 15 ಲಕ್ಷ ಡಾಲರಿಗೂ ಹೆಚ್ಚಿನ ಮೊತ್ತ ಎರಡನೆಯ ಸ್ಥಾನದ ಕ್ರಿಸ್ಟಿಯಾನ್ ಬೆಜೌಡೆನ್‌ಹೌಟ್ ಅವರಿಗೆ ಹೋಯಿತು. ಟ್ರೋಫಿಯ ಗೌರವ ಇಬ್ಬರು ಅಮೆಚೂರರಿಗೇ ಉಳಿಯಿತು. ನಿಮ್ಮ ಸ್ಪರ್ಧೆಯಲ್ಲಿ ಒಬ್ಬರೇ ವೃತ್ತಿಪರರಿದ್ದರೂ ಅವರ ಬಹುಮಾನವನ್ನು ಬೇರೆ ಪಟ್ಟಿಯಲ್ಲಿ ಬರೆಯಿರಿ.

ಏಳನೆಯ ಹಂತ: ಷರತ್ತುಗಳನ್ನು ಲಿಖಿತವಾಗಿ ಪ್ರಕಟಿಸಿ

ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ, ನೋಂದಣಿಗೆ ಮುಂಚೆಯೇ ಎಲ್ಲರಿಗೂ ಕಳುಹಿಸಿ. ಸ್ಪರ್ಧೆಯ ಮಾದರಿ, ಹ್ಯಾಂಡಿಕ್ಯಾಪ್ ಎಷ್ಟು ಶೇಕಡಾ ಅನ್ವಯಿಸುತ್ತದೆ, ಯಾವ ದಿನಾಂಕದ ಸೂಚ್ಯಂಕ ಬಳಸಲಾಗುತ್ತದೆ, ಬಹುಮಾನಗಳು ಮತ್ತು ಅವುಗಳ ಬೆಲೆ, ಒಬ್ಬರಿಗೆ ಎಷ್ಟು ಬಹುಮಾನ ಎಂಬುದೆಲ್ಲ ಅದರಲ್ಲಿರಲಿ. ಸಮಬಲವಾದರೆ ಏನು ಮಾಡಬೇಕೆಂಬುದನ್ನು ಮರೆಯಬೇಡಿ. ಕೊನೆಯ 9 ಹೋಲುಗಳ ಸ್ಕೋರ್, ಅದೂ ಸಮವಾದರೆ ಕೊನೆಯ 6, ನಂತರ ಕೊನೆಯ 3, ಕಡೆಗೆ 18ನೇ ಹೋಲ್ ಹೋಲಿಸುವ ಕೌಂಟ್‌ಬ್ಯಾಕ್ ಕ್ರಮ ಎಲ್ಲೆಡೆ ಬಳಕೆಯಲ್ಲಿದೆ. ಬೇರೆ ಬೇರೆ ಹೋಲುಗಳಿಂದ ಆಟ ಶುರುವಾಗುವ ಶಾಟ್‌ಗನ್ ಸ್ಪರ್ಧೆಯಲ್ಲಿ ಕೊನೆಯ 9 ಎಂದರೆ 10ರಿಂದ 18ರವರೆಗಿನ ಹೋಲುಗಳು ಎಂದು ಮೊದಲೇ ಬರೆದಿಟ್ಟರೆ ಸಂಜೆಯ ವಾಗ್ವಾದ ತಪ್ಪುತ್ತದೆ.

2023ರ ಆಟದ ನಿಯಮಗಳ ಪ್ರಕಾರ ಸ್ಕೋರ್‌ಕಾರ್ಡಿನಲ್ಲಿ ಹ್ಯಾಂಡಿಕ್ಯಾಪ್ ನಮೂದಿಸುವ ಹೊಣೆ ಆಟಗಾರನದಲ್ಲ, ಅದನ್ನು ಲೆಕ್ಕ ಹಾಕಬೇಕಾದದ್ದು ಸಮಿತಿ. ಪ್ರತಿ ಹೋಲಿನ ಸರಿಯಾದ ಗ್ರಾಸ್ ಸ್ಕೋರ್ ಮತ್ತು ಆಟಗಾರ ಹಾಗೂ ಮಾರ್ಕರ್ (ಆತನ ಸ್ಕೋರ್ ಬರೆಯುವವರು) ಇಬ್ಬರ ದೃಢೀಕರಣ ಕಾರ್ಡಿನಲ್ಲಿ ಇರಲೇಬೇಕು. ಬಹುಮಾನ ಘೋಷಿಸುವ ಮುನ್ನ ಮೊದಲ ಐದಾರು ಸ್ಥಾನಗಳ ಕಾರ್ಡುಗಳನ್ನು ಇಬ್ಬರು ಕೂತು ಪರಿಶೀಲಿಸಲಿ. ನಂಬಲಾಗದಷ್ಟು ಒಳ್ಳೆಯ ನೆಟ್ ಸ್ಕೋರ್ ಕಂಡರೆ ಆಟಗಾರನನ್ನು ಎಲ್ಲರೆದುರು ಅನುಮಾನಿಸಬೇಡಿ. ಆತನ ಹ್ಯಾಂಡಿಕ್ಯಾಪ್ ದಾಖಲೆಯನ್ನು ಆತನ ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿಯೊಂದಿಗೆ ಸದ್ದಿಲ್ಲದೆ ಪರಿಶೀಲಿಸಿ.

ಎಂಟನೆಯ ಹಂತ: ವಿತರಣೆಯ ಹೊತ್ತು, ಮತ್ತು ಮಿತಿ ಮೀರಿದರೆ

ನಿಯಮ ಮುರಿಯುವುದು ಗೆದ್ದಾಗ ಅಲ್ಲ, ಸ್ವೀಕರಿಸಿದಾಗ. ಹಾಗಾಗಿ ವೇದಿಕೆಗೆ ಕರೆಯುವ ಮುನ್ನವೇ ಯಾರ ಪಾಲಿಗೆ ಒಟ್ಟು ಎಷ್ಟು ಬೀಳುತ್ತಿದೆ ಎಂಬ ಲೆಕ್ಕ ಮುಗಿದಿರಬೇಕು. ಮಿತಿ ಮೀರುತ್ತಿದ್ದರೆ ಆಟಗಾರನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿ, ಯಾವುದನ್ನು ಸ್ವೀಕರಿಸುತ್ತೀರಿ, ಯಾವುದನ್ನು ಬಿಡುತ್ತೀರಿ ಎಂದು ಕೇಳಿ. ನಯವಾಗಿ ನಿರಾಕರಿಸಿದ ಬಹುಮಾನದಿಂದ ಯಾವ ತೊಂದರೆಯೂ ಇಲ್ಲ, ಅದು ನಂತರದ ಸ್ಥಾನದವರಿಗೆ ಹೋಗುತ್ತದೆ. ಮೊದಲು ಪಡೆದು ಮಾರನೆಯ ದಿನ ಹಿಂತಿರುಗಿಸಿದರಾಯಿತು ಎಂಬ ಲೆಕ್ಕಾಚಾರವನ್ನು ಯಾರಿಗೂ ಸಲಹೆ ಮಾಡಬೇಡಿ.

ಎಲ್ಲ ಎಚ್ಚರಿಕೆಯ ನಂತರವೂ ಯಾರಾದರೂ ಮಿತಿ ಮೀರಿದ ಬಹುಮಾನ ಸ್ವೀಕರಿಸಿದ್ದು ಗೊತ್ತಾದರೆ ಅದನ್ನು ಮುಚ್ಚಿಡಬಾರದು. ಸ್ಥಾನಮಾನದ ಬಗ್ಗೆ ತೀರ್ಮಾನ ಹೇಳುವ ಅಧಿಕಾರ ಸ್ಪರ್ಧೆಯ ಸಮಿತಿಗಿಲ್ಲ, ಅದು ದೇಶದ ಗಾಲ್ಫ್ ಆಡಳಿತ ಸಂಸ್ಥೆಯದು. ಆ ಸಂಸ್ಥೆಗೆ ಆಟಗಾರನೇ ಬರೆಯುವುದು ಉತ್ತಮ; ಆಯೋಜಕರು ಬಹುಮಾನದ ಪಟ್ಟಿ, ಬೆಲೆಯ ಪುರಾವೆ, ಸ್ಪರ್ಧೆಯ ಷರತ್ತುಗಳ ಪ್ರತಿಯನ್ನು ಆ ಪತ್ರದೊಂದಿಗೆ ಒದಗಿಸಿಕೊಡಲಿ. ಸ್ಥಾನಮಾನ ಕಳೆದುಕೊಂಡವರು ಅದನ್ನು ಮರಳಿ ಪಡೆಯಲು ಅರ್ಜಿ ಸಲ್ಲಿಸಬಹುದು. ಸಂಸ್ಥೆ ಪ್ರಕರಣದ ಹಿನ್ನೆಲೆ ನೋಡಿ ಕಾಯಬೇಕಾದ ಅವಧಿಯನ್ನು ನಿಗದಿಪಡಿಸುತ್ತದೆ. ಆ ಅವಧಿಯಲ್ಲಿ ಆಟಗಾರ ಗಾಲ್ಫ್ ಆಡುವುದನ್ನು ನಿಲ್ಲಿಸಬೇಕಾಗಿಲ್ಲ, ಆದರೆ ಅಮೆಚೂರರಿಗೆ ಮೀಸಲಾದ ಸ್ಪರ್ಧೆಗೆ ಹೆಸರು ಕೊಡುವ ಮುನ್ನ ಅದರ ಸಮಿತಿಗೆ ತನ್ನ ಸ್ಥಿತಿಯನ್ನು ತಿಳಿಸಿ ಅರ್ಹತೆಯನ್ನು ಖಚಿತಪಡಿಸಿಕೊಳ್ಳಬೇಕು.